ಬ್ಲಾಕ್‌ಚೈನ್‌ನಲ್ಲಿ ಎಷ್ಟು ರೊಕ್ಕ ಕೈ ಬದಲಾಯಿತು: ಎಣಿಸುವವರ ಲೆಕ್ಕ

‘ಕಳೆದ 24 ತಾಸಿನಲ್ಲಿ ಇಷ್ಟು ಸಾವಿರ ಕೋಟಿ ವರ್ಗಾವಣೆ’ ಎನ್ನುವ ಗ್ರಾಫ್ ಬೆಳಗಾವಿಯ ವಾಟ್ಸಾಪ್ ಗುಂಪುಗಳಿಗೂ ಬರುತ್ತದೆ, ವಿಜಯಪುರದ ಟೆಲಿಗ್ರಾಮ್ ಗುಂಪುಗಳಿಗೂ ಬರುತ್ತದೆ. ನಾಣ್ಯ ಅದೇ, ದಿನ ಅದೇ, ಆದರೆ ಎರಡು ಜಾಲತಾಣಗಳ ಅಂಕಿ ಎರಡು ತರ. ಒಂದು ಇನ್ನೊಂದರ ಐದು ಪಟ್ಟು ಇದ್ದರೂ ಯಾರೂ ಸುಳ್ಳು ಹೇಳಿರಬೇಕೆಂದಿಲ್ಲ. ಬ್ಲಾಕ್‌ಚೈನ್ ಎಂದರೆ ಕ್ರಿಪ್ಟೊ ನಾಣ್ಯಗಳ ವಹಿವಾಟನ್ನು ಬ್ಲಾಕ್ ಎಂಬ ಕಟ್ಟುಗಳಲ್ಲಿ ಬರೆದಿಡುವ ಸಾರ್ವಜನಿಕ ಖಾತೆಪುಸ್ತಕ. ಅದು ಬರೆದಿಡುವುದು ಚಲನೆಯನ್ನು ಮಾತ್ರ. ಅದರಲ್ಲಿ ಯಾವುದು ಪಾವತಿ, ಯಾವುದು ಒಬ್ಬನೇ ತನ್ನ ಎಡಗೈಯಿಂದ ಬಲಗೈಗೆ ಹಾಕಿಕೊಂಡದ್ದು ಎಂದು ಅದು ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ಎಣಿಸುವವರು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಈ ವಿಷಯ ಹಿಡಿದವರೂ, ಇಂಥ ಗ್ರಾಫ್ ನೋಡಿ ರೊಕ್ಕ ಹಾಕಲು ಹೊರಟವರೂ ಮೊದಲು ಆ ತೀರ್ಮಾನಗಳನ್ನು ತಿಳಿದುಕೊಳ್ಳಬೇಕು.

ಎಣಿಸಬಹುದಾದವು ಮುಖ್ಯವಾಗಿ ಮೂರು. ಬ್ಲಾಕಿನೊಳಗೆ ಎಷ್ಟು ಟ್ರಾನ್ಸಾಕ್ಷನ್ ಇವೆ, ಆ ಟ್ರಾನ್ಸಾಕ್ಷನ್‌ಗಳ ಒಳಗೆ ಎಷ್ಟು ವರ್ಗಾವಣೆ ಇವೆ, ಮತ್ತು ಒಟ್ಟು ಮೊತ್ತ ಎಷ್ಟು. ಒಂದು ಟ್ರಾನ್ಸಾಕ್ಷನ್ ಒಳಗೆ ಇನ್ನೂರು ವರ್ಗಾವಣೆ ಇರಬಹುದು, ಒಂದೂ ಇಲ್ಲದೆಯೂ ಇರಬಹುದು. ಮೂರನ್ನೂ ಒಂದೇ ಹೆಸರಿನಿಂದ ಕರೆಯುವ ಲೇಖನಗಳೇ ಹೆಚ್ಚು. ಅಂಥದ್ದನ್ನು ಓದಿದರೆ ತಲೆ ಕೆಡುತ್ತದೆಯೇ ಹೊರತು ಲೆಕ್ಕ ಸಿಗುವುದಿಲ್ಲ.

ಬಿಟ್‌ಕಾಯಿನ್: ಚಿಲ್ಲರೆಯ ತೊಡಕು

ಬಿಟ್‌ಕಾಯಿನ್‌ನಲ್ಲಿ ಖಾತೆಯೂ ಇಲ್ಲ, ಖಾತೆಯ ಬಾಕಿಯೂ ಇಲ್ಲ. ಇರುವುದು ಇನ್ನೂ ಖರ್ಚಾಗದ ಔಟ್‌ಪುಟ್‌ಗಳು. ಒಂದು ಔಟ್‌ಪುಟ್ ಮುಟ್ಟಿದರೆ ಅದನ್ನು ಇಡಿಯಾಗಿ ಮುರಿಸಲೇಬೇಕು. ಖಡೇಬಜಾರಿನಲ್ಲಿ 120 ರೂಪಾಯಿ ಸಾಮಾನಿಗೆ 500ರ ನೋಟು ಕೊಟ್ಟು 380 ಚಿಲ್ಲರೆ ಇಸಿದುಕೊಂಡಂತೆ. ವ್ಯತ್ಯಾಸ ಇಷ್ಟೇ: ಇಲ್ಲಿ ಚಿಲ್ಲರೆಯನ್ನು ಕಳಿಸುವವನೇ ತನಗೆ ತಾನೇ ಕೊಟ್ಟುಕೊಳ್ಳುತ್ತಾನೆ, ದಾಖಲೆಯಲ್ಲಿ 120 ಮತ್ತು 380 ಎರಡೂ ಒಂದೇ ಬಗೆಯ ಸಾಲುಗಳಾಗಿ ಕೂರುತ್ತವೆ.

ಬಿಟ್‌ಕಾಯಿನ್‌ನ ಮೊಟ್ಟಮೊದಲ ವರ್ಗಾವಣೆಯನ್ನೇ ನೋಡಿ. 2009ರ ಜನವರಿ 12, ಬ್ಲಾಕ್ 170. ಬಿಟ್‌ಕಾಯಿನ್ ಸೃಷ್ಟಿಸಿದ ಸತೋಶಿ ನಕಮೊಟೊ ಹೆಸರಿನ ಅನಾಮಿಕ, ಪ್ರೋಗ್ರಾಮರ್ ಹಾಲ್ ಫಿನ್ನಿಗೆ 10 ಬಿಟ್‌ಕಾಯಿನ್ ಕಳಿಸಿದ. ಅದಕ್ಕಾಗಿ ಮುರಿದದ್ದು 9ನೇ ಬ್ಲಾಕ್ ಕಟ್ಟಿದ್ದಕ್ಕೆ ಸಿಕ್ಕ 50ರ ಬಹುಮಾನ. ಔಟ್‌ಪುಟ್ ಎರಡು: 10 ಫಿನ್ನಿಗೆ, 40 ಮರಳಿ ತನಗೇ. ಔಟ್‌ಪುಟ್ ಕೂಡಿಸುವ ಪ್ರೋಗ್ರಾಂ ಇದನ್ನು 50 ಎಂದು ಬರೆಯುತ್ತದೆ. ಕೈ ಬದಲಾದದ್ದು 10. ಮೊದಲ ವರ್ಗಾವಣೆಯಲ್ಲೇ ಅಳತೆ ಐದು ಪಟ್ಟು ಉಬ್ಬಿತು.

ಆ 40 ಹೊರಟ ಜಾಗಕ್ಕೇ ಮರಳಿದ್ದರಿಂದ ಗುರುತಿಸುವುದು ಸುಲಭ. ಈಗಿನ ವಾಲೆಟ್‌ಗಳು ಚಿಲ್ಲರೆಗೆ ಪ್ರತಿಸಲ ಹೊಸ ವಿಳಾಸ (ನಾಣ್ಯ ಪಡೆಯುವ ಗುರುತಿನ ಸಾಲು) ತೆರೆಯುತ್ತವೆ, ಹಾಗಾಗಿ ಊಹೆ ಮಾಡಲೇಬೇಕು. ಊಹೆಗೆ ಬಳಸುವ ಸುಳಿವುಗಳು ಹಲವು. ಇನ್‌ಪುಟ್ (ಖರ್ಚಿಗೆ ಮುರಿಸಿದ ಹಳೆಯ ಔಟ್‌ಪುಟ್) ಎಲ್ಲವೂ ‘ಬಿಸಿ1ಕ್ಯೂ’ (bc1q) ಎಂದು ಶುರುವಾಗುವ ವಿಳಾಸಗಳಾಗಿದ್ದು, ಔಟ್‌ಪುಟ್‌ಗಳಲ್ಲಿ ಒಂದು ಅದೇ ಜಾತಿಯದು, ಇನ್ನೊಂದು 3ರಿಂದ ಶುರುವಾಗುವುದಾದರೆ, ಮೊದಲನೆಯದು ಚಿಲ್ಲರೆ. ಒಂದು 0.05000000, ಇನ್ನೊಂದು 0.01837462 ಇದ್ದರೆ ದುಂಡಗಿನ ಅಂಕಿ ಪಾವತಿ. ಎರಡು ಇನ್‌ಪುಟ್ ಸೇರಿಸಿದ್ದರೆ, ಅವೆರಡರಲ್ಲಿ ಚಿಕ್ಕದಕ್ಕಿಂತಲೂ ಚಿಕ್ಕದಾದ ಔಟ್‌ಪುಟ್ ಬಹುತೇಕ ಚಿಲ್ಲರೆ. ಏಕೆಂದರೆ ಅದೇ ಪಾವತಿಯಾಗಿದ್ದರೆ ಎರಡನೇ ಇನ್‌ಪುಟ್ ಸೇರಿಸುವ ಅಗತ್ಯವೇ ಇರಲಿಲ್ಲ.

ಈ ಸುಳಿವುಗಳು ಕೈಕೊಡುವ ಜಾಗಗಳೂ ಗೊತ್ತಿವೆ. ಬೆಲೆಯನ್ನು ಡಾಲರಿನಲ್ಲೋ ರೂಪಾಯಿಯಲ್ಲೋ ಹೇಳಿದ್ದರೆ ಪಾವತಿಯೂ ದುಂಡಗಿರುವುದಿಲ್ಲ. ಕಾಯಿನ್‌ಜಾಯಿನ್‌ನಲ್ಲಿ ಪರಿಚಯವೇ ಇಲ್ಲದ ಹತ್ತಾರು ಮಂದಿ ಒಂದೇ ಟ್ರಾನ್ಸಾಕ್ಷನ್‌ಗೆ ಇನ್‌ಪುಟ್ ಹಾಕಿ ಸಮಸಮ ಮೊತ್ತ ಹೊರತೆಗೆಯುತ್ತಾರೆ. ಆಗ ‘ಇನ್‌ಪುಟ್ ಎಲ್ಲ ಒಬ್ಬನವೇ’ ಎಂದು ಎಣಿಸುವವರು ಹಿಡಿಯುವ ನಿಯಮ ಅಪರಿಚಿತರನ್ನೆಲ್ಲ ಒಂದೇ ಮನೆಯವರನ್ನಾಗಿ ಮಾಡಿಬಿಡುತ್ತದೆ, ಆ ತಪ್ಪು ಮುಂದಿನ ಬ್ಲಾಕುಗಳಿಗೂ ಹಬ್ಬುತ್ತದೆ. ಐದಕ್ಕಿಂತ ಹೆಚ್ಚು ಔಟ್‌ಪುಟ್‌ಗಳು ಕೊನೆಯ ಸಾತೋಶಿಯವರೆಗೆ (ಬಿಟ್‌ಕಾಯಿನ್‌ನ ಅತಿ ಚಿಕ್ಕ ಘಟಕ) ಒಂದೇ ಮೊತ್ತದ್ದಿದ್ದರೆ ಅಂಥ ಟ್ರಾನ್ಸಾಕ್ಷನ್ ಅನ್ನು ಬೇರೆ ಬುಟ್ಟಿಗೆ ಹಾಕುವುದು ಒಳ್ಳೆಯದು. ಒಂದು ಬಿಟ್‌ಕಾಯಿನ್‌ಗೆ 10 ಕೋಟಿ ಸಾತೋಶಿ, ಹಾಗಾಗಿ ಎಂಟು ದಶಮಾಂಶದವರೆಗೆ ಆಕಸ್ಮಿಕವಾಗಿ ಸಮ ಬರುವ ಸಾಧ್ಯತೆ ತೀರ ಕಡಿಮೆ.

ಟ್ರಾನ್ಸಾಕ್ಷನ್ ಸಂಖ್ಯೆಯನ್ನು ಮಾತ್ರ ನೋಡಿ ‘ಬಳಕೆ ಇಳಿಯಿತು, ಏರಿತು’ ಎನ್ನುವುದು ನಮಗೆ ಒಪ್ಪಿಗೆಯಿಲ್ಲ. ಬ್ಲಾಕಿಗೆ 40 ಲಕ್ಷ ತೂಕ ಘಟಕಗಳ (ಬ್ಲಾಕಿನ ಗಾತ್ರದ ಅಳತೆ) ಮಿತಿ ಇದೆ, ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್, ದಿನಕ್ಕೆ 144. ಸಂಖ್ಯೆ ಒಂದು ಮಟ್ಟಕ್ಕಿಂತ ಮೇಲೆ ಹೋಗಲಾರದು. ನಾಣ್ಯ ಕೊಂಡು ಮಾರುವ ತಾಣಗಳಾದ ಎಕ್ಸ್‌ಚೇಂಜ್‌ಗಳು ಶುಲ್ಕ ಉಳಿಸಲು ಇನ್ನೂರು ಗಿರಾಕಿಗಳ ಹಿಂಪಡೆತವನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಟ್ಟುತ್ತವೆ. ಆಗ ಪಾವತಿ ಹೆಚ್ಚಾದರೂ ಟ್ರಾನ್ಸಾಕ್ಷನ್ ಕಡಿಮೆಯಾಗುತ್ತದೆ. ತಿರುಗಾಮುರುಗಾ ಆದದ್ದೂ ಉಂಟು. ಬಿಟ್‌ಕಾಯಿನ್‌ಗೆ ಚಿತ್ರ, ಪಠ್ಯ ಅಂಟಿಸುವ ಆರ್ಡಿನಲ್ಸ್ 2023ರ ಜನವರಿಯಲ್ಲಿ ಬಂತು, ಅದರ ಮೇಲೆ ಟೋಕನ್ ಹುಟ್ಟಿಸುವ ರೂನ್ಸ್ 2024ರ ಏಪ್ರಿಲ್‌ನಲ್ಲಿ. ಎರಡೂ ಬ್ಲಾಕುಗಳನ್ನು ತುಂಬಿದವು, ಆದರೆ ಅವುಗಳಲ್ಲಿ ಎಷ್ಟೋ ಔಟ್‌ಪುಟ್‌ಗಳ ಮೊತ್ತ 546 ಸಾತೋಶಿಯಷ್ಟು ಪುಡಿ. ಸಂಖ್ಯೆ ಹಾರಿತು, ಮೊತ್ತ ಕದಲಲಿಲ್ಲ.

ಮೊತ್ತವೂ ಅಷ್ಟೇ ಮೋಸ ಮಾಡುತ್ತದೆ. 2024ರ ಮೇ 28ರಂದು, ಎಂದೋ ದಿವಾಳಿಯಾದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜಿನ ಹಳೆಯ ವಾಲೆಟ್‌ಗಳಿಂದ 1.4 ಲಕ್ಷದ ಆಸುಪಾಸು ಬಿಟ್‌ಕಾಯಿನ್ ಹೊರಟು ಅದೇ ಟ್ರಸ್ಟಿಯ ಹೊಸ ವಿಳಾಸಕ್ಕೆ ಸೇರಿತು. ಒಂದು ನಾಣ್ಯವೂ ಮಾರಾಟವಾಗಲಿಲ್ಲ. ಆ ದಿನದ ಕಚ್ಚಾ ಮೊತ್ತದ ಗ್ರಾಫ್ ಮಾತ್ರ ಗುಡ್ಡ ಏರಿತು. ನಾಣ್ಯದ ಸಂಖ್ಯೆಯನ್ನು ಅದು ಸುಮ್ಮನೆ ಕೂತ ದಿನಗಳಿಂದ ಗುಣಿಸುವ ಅಳತೆಯೊಂದಿದೆ: 10 ನಾಣ್ಯ 100 ದಿನ ಕೂತು ಎದ್ದರೆ 1000. ಒಂದೇ ನಾಣ್ಯವನ್ನು ದಿನಕ್ಕೆ ಹತ್ತು ಸಲ ಓಡಾಡಿಸುವ ಆಟವನ್ನು ಇದು ಚೆನ್ನಾಗಿ ತಣ್ಣಗಾಗಿಸುತ್ತದೆ. ಆದರೆ ಮೌಂಟ್ ಗಾಕ್ಸ್ ತರದ ಹಳೆಯ ಗಂಟು ಅಲುಗಿದಾಗ ಇದು ಇನ್ನೂ ಜೋರಾಗಿ ಕೂಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ಸರಿ, ಎದ್ದು ಕಂಡ ದಿನದ ದೊಡ್ಡ ಹತ್ತು ಟ್ರಾನ್ಸಾಕ್ಷನ್‌ಗಳನ್ನು ಕಣ್ಣಿನಿಂದಲೇ ಪರಿಶೀಲಿಸಬೇಕು.

ಇಥೀರಿಯಂ: ಒಂದೇ ಕೆಲಸಕ್ಕೆ ಐದು ಸಾಲು

ಇಥೀರಿಯಂನಲ್ಲಿ ಖಾತೆ ಇದೆ, ಬಾಕಿ ಇದೆ, ಚಿಲ್ಲರೆಯ ಕಾಟ ಇಲ್ಲ. ಹಾಗೆಂದು ನಿರಾಳವಾಗುವಂತಿಲ್ಲ. ಮೌಲ್ಯ ಇಲ್ಲಿ ಮೂರು ದಾರಿಯಲ್ಲಿ ಚಲಿಸುತ್ತದೆ. ಟ್ರಾನ್ಸಾಕ್ಷನ್‌ನ ಮೊತ್ತದ ಅಂಕಣದಲ್ಲೇ ಕಾಣುವ ಈಥರ್ (ಇಥೀರಿಯಂನ ನಾಣ್ಯ) ಒಂದು. ಸ್ಮಾರ್ಟ್ ಕಾಂಟ್ರಾಕ್ಟ್ (ಚೈನ್ ಮೇಲೆ ಓಡುವ ಪ್ರೋಗ್ರಾಂ) ಒಳಗಿನಿಂದ ಹೊರಡುವ ಈಥರ್ ಇನ್ನೊಂದು. ಇದು ಟ್ರೇಸ್, ಅಂದರೆ ಆ ಪ್ರೋಗ್ರಾಂ ಓಡಿದ ಹೆಜ್ಜೆಹೆಜ್ಜೆಯ ದಾಖಲೆ, ತೆಗೆದರೆ ಮಾತ್ರ ಕಾಣುತ್ತದೆ. ಮೂರನೆಯದು ಕಾಂಟ್ರಾಕ್ಟ್ ಮೂಲಕ ಹುಟ್ಟಿಸಿದ ನಾಣ್ಯಗಳಾದ ಟೋಕನ್‌ಗಳು, ಇವು ‘ಟ್ರಾನ್ಸ್‌ಫರ್’ ಎಂಬ ಈವೆಂಟ್ ಮೂಲಕ ಲಾಗ್‌ನಲ್ಲಿ ದಾಖಲಾಗುತ್ತವೆ. ಮೊದಲನೆಯದನ್ನಷ್ಟೇ ಕೂಡಿಸಿದವರಿಗೆ, ಹಲವರ ಸಹಿ ಬೇಕಾದ ವಾಲೆಟ್‌ನಿಂದ ಹೋದ ಈಥರ್ ಸೊನ್ನೆಯಾಗಿ ಕಾಣುತ್ತದೆ. 2023ರ ಏಪ್ರಿಲ್‌ನ ಅಪ್‌ಗ್ರೇಡ್ ನಂತರ ಸ್ಟೇಕಿಂಗ್‌ನಿಂದ (ಜಾಲ ನಡೆಸಲು ಇಟ್ಟ ಠೇವಣಿಯಿಂದ) ಮರಳುವ ಈಥರ್ ಅಂತೂ ಟ್ರಾನ್ಸಾಕ್ಷನ್ ರೂಪದಲ್ಲೇ ಬರುವುದಿಲ್ಲ. ಬ್ಲಾಕಿನಲ್ಲಿ ಬೇರೆಯದೇ ಪಟ್ಟಿಯಾಗಿ ಬಂದು ನೇರ ಬಾಕಿಗೆ ಸೇರುತ್ತದೆ.

ವಿಫಲವಾದ ಟ್ರಾನ್ಸಾಕ್ಷನ್ ಕೂಡ ಬ್ಲಾಕಿನಲ್ಲಿ ಕೂತಿರುತ್ತದೆ, ಮೊತ್ತದ ಅಂಕಣವೂ ತುಂಬಿರುತ್ತದೆ, ಆದರೆ ರೊಕ್ಕ ಹೋಗಿರುವುದಿಲ್ಲ. ರಸೀದಿಯ ಸ್ಟೇಟಸ್ 1 ಇದ್ದರೆ ಮಾತ್ರ ಎಣಿಸಿ. 2017ರ ಅಕ್ಟೋಬರ್‌ಗಿಂತ ಹಿಂದಿನ ರಸೀದಿಗಳಲ್ಲಿ ಈ ಸ್ಟೇಟಸ್ ಇಲ್ಲವೇ ಇಲ್ಲ, ಹಳೆಯ ದತ್ತಾಂಶಕ್ಕೆ ಟ್ರೇಸ್ ನೋಡುವುದೊಂದೇ ದಾರಿ.

ಟೋಕನ್ ಲೆಕ್ಕದಲ್ಲಿ ಪ್ರಾಜೆಕ್ಟುಗಳು ಹಳ್ಳ ಹಿಡಿಯುವ ಮೊದಲ ಜಾಗ ದಶಮಾಂಶ. ಈವೆಂಟ್‌ನಲ್ಲಿ ಇರುವುದು ಪೂರ್ಣಾಂಕ, ಎಷ್ಟರಿಂದ ಭಾಗಿಸಬೇಕು ಎಂಬುದನ್ನು ಕಾಂಟ್ರಾಕ್ಟ್‌ನಿಂದ ಕೇಳಿ ತಿಳಿಯಬೇಕು. ಬೆಲೆಯನ್ನು ಡಾಲರಿಗೆ ಕಟ್ಟಿದ ಟೋಕನ್‌ಗಳನ್ನೇ ನೋಡಿ: ಇಥೀರಿಯಂನ ಯುಎಸ್‌ಡಿಟಿ ಮತ್ತು ಯುಎಸ್‌ಡಿಸಿಗೆ 6 ಸ್ಥಾನ, ಡಾಯ್‌ಗೆ 18. ಎಲ್ಲಕ್ಕೂ 18 ಎಂದುಕೊಂಡರೆ ಯುಎಸ್‌ಡಿಟಿ ಲಕ್ಷ ಕೋಟಿ ಪಟ್ಟು ಕುಗ್ಗಿ ಮಾಯವಾಗುತ್ತದೆ. ಅದೇ ಯುಎಸ್‌ಡಿಟಿ ಬಿಎನ್‌ಬಿ ಚೈನ್ ಎಂಬ ಇನ್ನೊಂದು ಬ್ಲಾಕ್‌ಚೈನ್‌ನಲ್ಲಿ 18 ಸ್ಥಾನದ್ದು, ಆದ್ದರಿಂದ ಹೆಸರು ನೋಡಿ ಭಾಗಿಸುವುದೂ ಬೇಡ. ಜೊತೆಗೆ ಜಾವಾಸ್ಕ್ರಿಪ್ಟ್‌ನ ಮಾಮೂಲಿ ಸಂಖ್ಯೆ ಸುಮಾರು 9,007 ಲಕ್ಷ ಕೋಟಿಯವರೆಗೆ ಮಾತ್ರ ಪೂರ್ಣಾಂಕವನ್ನು ನಿಖರವಾಗಿ ಹಿಡಿಯುತ್ತದೆ. ಈಥರ್‌ನ ಅತಿ ಚಿಕ್ಕ ಘಟಕ ‘ವೇ’ಯಲ್ಲಿ ಹೇಳಿದರೆ 0.01 ಈಥರ್ ಎಂದರೇ 10,000 ಲಕ್ಷ ಕೋಟಿ. ಸಣ್ಣ ಮೊತ್ತದಲ್ಲೂ ಕೊನೆಯ ಅಂಕಿಗಳು ಸವೆಯುತ್ತವೆ, ತಾಳೆ ನೋಡುವಾಗ ಕೂಡಿ ಬರುವುದಿಲ್ಲ. ಕೂಡಿಸುವ ತನಕ ಬಿಗ್‌ಇಂಟ್ (ದೊಡ್ಡ ಪೂರ್ಣಾಂಕದ ಬಗೆ) ಬಳಸಿ, ಭಾಗಾಕಾರ ಕೊನೆಗೆ.

ಎರಡನೆಯ ಹಳ್ಳ: ಇಆರ್‌ಸಿ-20 ಮಾದರಿಯ ಮಾಮೂಲಿ ಟೋಕನ್ನಿಗೂ ಇಆರ್‌ಸಿ-721 ಮಾದರಿಯ ಎನ್‌ಎಫ್‌ಟಿಗೂ (ಚಿತ್ರದಂಥ ಒಂದೊಂದೇ ಇರುವ ವಸ್ತುವಿನ ಟೋಕನ್) ‘ಟ್ರಾನ್ಸ್‌ಫರ್’ ಈವೆಂಟ್‌ನ ಹ್ಯಾಶ್ (ಗುರುತಿನ ಅಂಕಿ) ಒಂದೇ. ವ್ಯತ್ಯಾಸ ಕಾಣುವುದು ಟಾಪಿಕ್‌ಗಳ (ಲಾಗ್‌ನ ಹುಡುಕು ಅಂಕಣ) ಸಂಖ್ಯೆಯಲ್ಲಿ. ಇಆರ್‌ಸಿ-20ಕ್ಕೆ ಮೂರು ಟಾಪಿಕ್, ಮೊತ್ತ ಡೇಟಾ ಭಾಗದಲ್ಲಿ. ಎನ್‌ಎಫ್‌ಟಿಗೆ ನಾಲ್ಕು ಟಾಪಿಕ್, ನಾಲ್ಕನೆಯದು ಆ ವಸ್ತುವಿನ ಕ್ರಮಸಂಖ್ಯೆ. ಇದನ್ನು ಬೇರ್ಪಡಿಸದಿದ್ದರೆ 7,412ನೇ ನಂಬರಿನ ಚಿತ್ರ 7,412 ಟೋಕನ್ ಆಗಿ ಮೊತ್ತಕ್ಕೆ ಸೇರಿಕೊಳ್ಳುತ್ತದೆ.

ಈಗ ಒಬ್ಬ ಬಳಕೆದಾರ 1,000 ಯುಎಸ್‌ಡಿಸಿ ಕೊಟ್ಟು ಯುಎಸ್‌ಡಿಟಿ ಪಡೆಯುತ್ತಾನೆ ಎನ್ನಿ. ಯುಎಸ್‌ಡಿಸಿ ಅವನಿಂದ ರೌಟರ್‌ಗೆ (ದಾರಿ ಹುಡುಕುವ ಕಾಂಟ್ರಾಕ್ಟ್) ಹೋಗುತ್ತದೆ, ರೌಟರ್‌ನಿಂದ ಮೊದಲ ಪೂಲ್‌ಗೆ (ಅದಲುಬದಲಿಗೆ ಟೋಕನ್ ಕೂಡಿಟ್ಟ ಕಾಂಟ್ರಾಕ್ಟ್). ಆ ಪೂಲ್ ಅಷ್ಟೇ ಬೆಲೆಯ ರ‍್ಯಾಪ್ಡ್ ಈಥರನ್ನು (ಟೋಕನ್ ರೂಪಕ್ಕೆ ತಂದ ಈಥರ್) ಎರಡನೇ ಪೂಲ್‌ಗೆ ಕೊಡುತ್ತದೆ, ಅಲ್ಲಿಂದ ಯುಎಸ್‌ಡಿಟಿ ರೌಟರ್‌ಗೆ, ಕೊನೆಗೆ ಬಳಕೆದಾರನಿಗೆ. ಟ್ರಾನ್ಸಾಕ್ಷನ್ ಒಂದು, ಟ್ರಾನ್ಸ್‌ಫರ್ ಈವೆಂಟ್ ಐದು, ಕಚ್ಚಾ ಮೊತ್ತ ಸುಮಾರು 5,000 ಡಾಲರ್. ಆದದ್ದು 1,000 ಡಾಲರಿನ ಒಂದು ಅದಲುಬದಲು. ಯಾರೂ ಯಾರಿಗೂ ಏನನ್ನೂ ಪಾವತಿ ಮಾಡಿಲ್ಲ. ಫ್ಲ್ಯಾಶ್ ಲೋನ್ ಇದಕ್ಕೂ ಮೇಲೆ: ಒಂದು ಕೋಟಿ ಡಾಲರ್ ಸಾಲ ಪಡೆದು ಅದೇ ಟ್ರಾನ್ಸಾಕ್ಷನ್‌ನೊಳಗೆ ತೀರಿಸಿದರೆ ಲೆಕ್ಕದಲ್ಲಿ ಎರಡು ಕೋಟಿ ಏರಿತು.

ಎಕ್ಸ್‌ಚೇಂಜ್‌ಗೆ ಜಮಾ ಮಾಡುವುದೂ ಹೀಗೆಯೇ ಉಬ್ಬುತ್ತದೆ. ಗಿರಾಕಿ ತನಗೆ ಕೊಟ್ಟ ಜಮಾ ವಿಳಾಸಕ್ಕೆ ಯುಎಸ್‌ಡಿಟಿ ಹಾಕುತ್ತಾನೆ. ಆ ವಿಳಾಸದಲ್ಲಿ ಗ್ಯಾಸ್ ಶುಲ್ಕಕ್ಕೆ ಈಥರ್ ಇಲ್ಲದ್ದರಿಂದ ಎಕ್ಸ್‌ಚೇಂಜ್ ಮೊದಲು ಚೂರು ಈಥರ್ ಕಳಿಸುತ್ತದೆ, ಆಮೇಲೆ ಯುಎಸ್‌ಡಿಟಿಯನ್ನು ತನ್ನ ಮುಖ್ಯ ವಾಲೆಟ್‌ಗೆ ಗುಡಿಸಿಕೊಳ್ಳುತ್ತದೆ. ಒಂದು ಜಮಾ, ಮೂರು ವರ್ಗಾವಣೆ, ದುಪ್ಪಟ್ಟು ಮೊತ್ತ, ಜೊತೆಗೆ ಒಂದು ‘ಸಕ್ರಿಯ ವಿಳಾಸ’ ಹೆಚ್ಚುವರಿ. ಸಕ್ರಿಯ ವಿಳಾಸಗಳನ್ನು ಜನಸಂಖ್ಯೆ ಎಂದು ಓದಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಇನ್ನು ಸೊನ್ನೆ ಮೊತ್ತದ ವರ್ಗಾವಣೆ. ಸೊನ್ನೆ ಕಳಿಸಿದರೂ ಅದನ್ನು ಮಾಮೂಲಿ ವರ್ಗಾವಣೆಯೆಂದೇ ಪರಿಗಣಿಸಿ ಈವೆಂಟ್ ಬರೆಯಬೇಕು ಎನ್ನುವುದು ಇಆರ್‌ಸಿ-20 ನಿಯಮ. ಬೇರೆಯವರ ವಿಳಾಸದಿಂದ ಸೊನ್ನೆ ತೆಗೆಯಲು ಅವರ ಅನುಮತಿಯೂ ಬೇಡ. ಇದನ್ನೇ ಹಿಡಿದ ವಂಚಕರು, ನೀವು ದಿನಾ ಕಳಿಸುವ ವಿಳಾಸದ ಮೊದಲ ಮತ್ತು ಕೊನೆಯ ಅಕ್ಷರ ಹೋಲುವ ವಿಳಾಸ ಸೃಷ್ಟಿಸಿ, ನಿಮ್ಮಿಂದಲೇ ಅಲ್ಲಿಗೆ ಸೊನ್ನೆ ಹೋದಂತೆ ದಾಖಲೆ ಮಾಡುತ್ತಾರೆ. ಹಳೆಯ ಪಟ್ಟಿಯಿಂದ ವಿಳಾಸ ಕಾಪಿ ಮಾಡುವವರು ಸಿಕ್ಕಿಬೀಳುತ್ತಾರೆ, ಎಣಿಸುವವರ ಸಂಖ್ಯೆಯೂ ಹೊಲಸಾಗುತ್ತದೆ. ಸೊನ್ನೆಗಳನ್ನು ತೆಗೆದುಹಾಕಿ. ಯುಎಸ್‌ಡಿಟಿ ಎಂದೇ ಹೆಸರಿಟ್ಟುಕೊಂಡ ನಕಲಿ ಟೋಕನ್‌ಗಳೂ ಇರುವುದರಿಂದ, ಹೆಸರು ಬಿಟ್ಟು ಕಾಂಟ್ರಾಕ್ಟ್ ವಿಳಾಸದಿಂದಲೇ ಆರಿಸಿ.

ಸೋಸುವುದು ಎಷ್ಟು, ಎಲ್ಲಿಗೆ ನಿಲ್ಲಿಸುವುದು

ಯುಎಸ್‌ಡಿಟಿಯಂಥ ಡಾಲರಿಗೆ ಕಟ್ಟಿದ ಟೋಕನ್‌ಗಳಿಗೆ, ಅಂದರೆ ಸ್ಟೇಬಲ್‌ಕಾಯಿನ್‌ಗಳಿಗೆ, ಹೆಚ್ಚು ಬಳಕೆಯಲ್ಲಿರುವ ಜರಡಿ ಎರಡು ಹಂತದ್ದು. ಒಂದು ಟ್ರಾನ್ಸಾಕ್ಷನ್‌ನೊಳಗಿನ ವರ್ಗಾವಣೆಗಳಲ್ಲಿ ಅತಿ ದೊಡ್ಡದನ್ನಷ್ಟೇ ಹಿಡಿಯುವುದು ಮೊದಲ ಹಂತ. ಮೇಲಿನ ಉದಾಹರಣೆಯ 5,000 ಇದರಿಂದ 1,000ಕ್ಕೆ ಇಳಿಯುತ್ತದೆ. ಎರಡನೆಯದರಲ್ಲಿ, 30 ದಿನದಲ್ಲಿ 1,000ಕ್ಕಿಂತ ಹೆಚ್ಚು ಟ್ರಾನ್ಸಾಕ್ಷನ್ ಮತ್ತು ಒಂದು ಕೋಟಿ ಡಾಲರ್‌ಗಿಂತ ಹೆಚ್ಚು ಮೊತ್ತ ಓಡಿಸಿದ ವಿಳಾಸಗಳನ್ನು ಬಾಟ್ (ತಾನಾಗಿ ವಹಿವಾಟು ಮಾಡುವ ಪ್ರೋಗ್ರಾಂ) ಎಂದು ಬಿಡುವುದು. ವೀಸಾ ಕಂಪನಿ ಪ್ರಕಟಿಸುವ ಸ್ಟೇಬಲ್‌ಕಾಯಿನ್ ಅಂಕಿಗಳು ಈ ತತ್ವದ ಮೇಲೆ ನಿಂತಿವೆ. ನಮ್ಮ ಮಟ್ಟಿಗೆ ಮೊದಲ ಹಂತ ಗಟ್ಟಿ. ಎರಡನೆಯದು ಒರಟು: ಸಾವಿರಾರು ಜನರಿಗೆ ಸಂಬಳ ಹಾಕುವ ಕಂಪನಿಯನ್ನೂ ಅದು ಬಾಟ್ ಜೊತೆ ಹೊರಗೆ ದಬ್ಬುತ್ತದೆ, ಮೊತ್ತವನ್ನು ಹತ್ತು ವಿಳಾಸಗಳಿಗೆ ಹಂಚಿಕೊಂಡ ಬಾಟ್ ಒಳಗೇ ಉಳಿಯುತ್ತದೆ. ಆದ್ದರಿಂದ ಸೋಸಿದ ಅಂಕಿಯ ಜೊತೆ ಕಚ್ಚಾ ಅಂಕಿಯನ್ನೂ, ಜರಡಿಯ ನಿಯಮವನ್ನೂ ಗ್ರಾಫ್ ಕೆಳಗೇ ಬರೆಯಿರಿ.

ಉಳಿದ ಚೈನ್‌ಗಳಲ್ಲಿ ಒಂದೊಂದಕ್ಕೂ ಒಂದೊಂದು ಗುಣ. ಸೊಲಾನಾದಲ್ಲಿ ವ್ಯಾಲಿಡೇಟರ್‌ಗಳ (ಬ್ಲಾಕ್ ಒಪ್ಪುವ ಕಂಪ್ಯೂಟರ್) ಮತವೂ ಟ್ರಾನ್ಸಾಕ್ಷನ್ ಎಂದೇ ದಾಖಲಾಗುತ್ತದೆ, ಅದನ್ನು ಕಳೆದೇ ಮಾತಾಡಬೇಕು. ಎಕ್ಸ್‌ಆರ್‌ಪಿ ಲೆಡ್ಜರ್‌ನಲ್ಲಿ ಭಾಗಶಃ ಪಾವತಿ ಎಂಬುದಿದೆ: ‘ಅಮೌಂಟ್’ ಎಂಬಲ್ಲಿ ದೊಡ್ಡ ಮೊತ್ತ ಬರೆದು ತೀರ ಚಿಕ್ಕದನ್ನು ತಲುಪಿಸಬಹುದು, ಹಾಗಾಗಿ ‘ಡೆಲಿವರ್ಡ್ ಅಮೌಂಟ್’ ಅನ್ನೇ ಓದಬೇಕು. ಮೊನೆರೊದಲ್ಲಿ ಮೊತ್ತ ಮುಚ್ಚಿರುತ್ತದೆ, ಸಂಖ್ಯೆ ಬಿಟ್ಟು ಏನೂ ಸಿಗದು. ಒಂದು ಚೈನ್‌ನಲ್ಲಿ ಬೀಗ ಹಾಕಿ ಇನ್ನೊಂದರಲ್ಲಿ ಹುಟ್ಟಿಸುವ ಬ್ರಿಡ್ಜ್‌ಗಳಿಂದಾಗಿ ಚೈನ್‌ಗಳ ಮೊತ್ತವನ್ನು ಸುಮ್ಮನೆ ಕೂಡಿಸಿದರೆ ಒಂದೇ ರೊಕ್ಕ ಎರಡು ಸಲ ಸೇರುತ್ತದೆ.

‘ಬೆಳಗಾವಿ ಜಿಲ್ಲೆಯಲ್ಲಿ ಎಷ್ಟು ವಹಿವಾಟು?’ ಎಂದು ಕೇಳುವವರಿಗೆ ಬ್ಲಾಕ್‌ಚೈನ್‌ನಲ್ಲಿ ಉತ್ತರವಿಲ್ಲ. ವಿಳಾಸಕ್ಕೆ ಊರಿಲ್ಲ. ಬಾಗಲಕೋಟೆಯವನು ಮಾರಿ ವಿಜಯಪುರದವನು ಅದೇ ಎಕ್ಸ್‌ಚೇಂಜ್‌ನಲ್ಲಿ ಕೊಂಡರೆ ಅದು ಆ ಎಕ್ಸ್‌ಚೇಂಜಿನ ಒಳಗಿನ ಖಾತೆಪುಸ್ತಕದಲ್ಲಿ ಎರಡು ಸಾಲು ಬದಲಾದದ್ದು, ಚೈನ್ ಮೇಲೆ ಏನೂ ಬರುವುದಿಲ್ಲ. 2022ರ ಜುಲೈ 1ರಿಂದ ಕಡಿತವಾಗುವ ಶೇ 1ರ ಟಿಡಿಎಸ್ ಇಂಥ ಮಾರಾಟಕ್ಕೂ ಅನ್ವಯಿಸುತ್ತದೆ, ಅದರ ಲೆಕ್ಕ ಇರುವುದು ಎಕ್ಸ್‌ಚೇಂಜ್ ಮತ್ತು ಆದಾಯ ತೆರಿಗೆ ಇಲಾಖೆಯ ಬಳಿ.

ದಿನ ಯಾವಾಗ ಶುರುವಾಗುತ್ತದೆ

ಬಹುತೇಕ ಗ್ರಾಫ್‌ಗಳ ‘ದಿನ’ ಯುಟಿಸಿಯದು, ಅಂದರೆ ಜಾಗತಿಕ ಪ್ರಮಾಣ ಸಮಯದ್ದು. ನಮ್ಮಲ್ಲಿ ಅದು ಬೆಳಗಿನ 5:30ಕ್ಕೆ ಬದಲಾಗುತ್ತದೆ. ಬಿಟ್‌ಕಾಯಿನ್ ಬಹುಮಾನ 3.125ಕ್ಕೆ ಅರ್ಧವಾದ ಬ್ಲಾಕ್ 8,40,000 ಬಂದದ್ದು ಯುಟಿಸಿ ಪ್ರಕಾರ 2024ರ ಏಪ್ರಿಲ್ 20ರ 00:09ಕ್ಕೆ. ನಮಗದು 20ರ ಬೆಳಗಿನ 5:39, ಅಮೆರಿಕದ ಪತ್ರಿಕೆಗಳಿಗೆ 19ರ ಸಂಜೆ. ಎರಡು ಮೂಲಗಳ ದತ್ತಾಂಶ ಬೆರೆಸುವಾಗ ಇದನ್ನು ಮೊದಲು ಸರಿಮಾಡಿ. ಬಿಟ್‌ಕಾಯಿನ್ ಬ್ಲಾಕಿನ ಸಮಯಮುದ್ರೆ ಹಿಂದಿನ ಬ್ಲಾಕಿಗಿಂತ ಹಿಂದಿನದೂ ಆಗಿರಬಹುದು. ಹಿಂದಿನ 11 ಬ್ಲಾಕುಗಳ ಮಧ್ಯಾಂಕಕ್ಕಿಂತ ಹೆಚ್ಚಿದ್ದರೆ ನಿಯಮಕ್ಕೆ ಸಾಕು. ಆದ್ದರಿಂದ ಕ್ರಮ ಜೋಡಿಸಲು ಬ್ಲಾಕ್ ಸಂಖ್ಯೆ ಬಳಸಿ, ದಿನ ವಿಂಗಡಿಸಲು ಮಾತ್ರ ಸಮಯ. ತುದಿಯ ಬ್ಲಾಕುಗಳು ರದ್ದಾಗಿ ಬೇರೆಯವು ಬರಬಹುದು. ಬಿಟ್‌ಕಾಯಿನ್‌ಗೆ 6 ಬ್ಲಾಕ್, ಇಥೀರಿಯಂಗೆ ಸುಮಾರು 13 ನಿಮಿಷ ಕಾದು ಆಮೇಲೆ ದಾಖಲಿಸಿ.

ಡಾಲರಿಗೆ ಅಥವಾ ರೂಪಾಯಿಗೆ ಪರಿವರ್ತಿಸುವಾಗ ಆ ತಾಸಿನ ಬೆಲೆ ಹಿಡಿಯಿರಿ, ಬೆಲೆ ಏರಿಳಿಯುವ ದಿನ ಮುಕ್ತಾಯದ ಬೆಲೆ ನೆಚ್ಚಬೇಡಿ. ಯಾರೂ ಕೊಳ್ಳದ ಟೋಕನ್‌ಗೆ ಸಣ್ಣ ಪೂಲ್‌ನಲ್ಲಿ ತೋರಿಸಿದ ಬೆಲೆಯಿಂದ ಗುಣಿಸಿದರೆ ಒಂದೇ ವರ್ಗಾವಣೆ ಇಡೀ ತಿಂಗಳ ಮೊತ್ತವನ್ನು ನುಂಗುತ್ತದೆ. ಸರಾಸರಿಯ ಜೊತೆ ಮಧ್ಯಾಂಕವನ್ನೂ ಕೊಟ್ಟರೆ ಇದು ಕೂಡಲೇ ಕಣ್ಣಿಗೆ ಬೀಳುತ್ತದೆ.

ಮನೆಯಲ್ಲೇ ಎಣಿಸುವುದಾದರೆ

ಬಿಟ್‌ಕಾಯಿನ್ ಕೋರ್ ನೋಡ್ (ಇಡೀ ಬ್ಲಾಕ್‌ಚೈನ್ ಇಳಿಸಿಕೊಂಡು ಪರಿಶೀಲಿಸುವ ಪ್ರೋಗ್ರಾಂ) ನಡೆಸಲು ಹಳೆಯ ಡೆಸ್ಕ್‌ಟಾಪ್ ಸಾಕು, ಆದರೆ ಡಿಸ್ಕ್ ಎಸ್‌ಎಸ್‌ಡಿ ಆಗಿರಲಿ. ಬ್ಲಾಕುಗಳೇ 600 ಜಿಬಿ ದಾಟಿವೆ, 2 ಟಿಬಿ ತಂದರೆ ನಿಶ್ಚಿಂತೆ. ಪ್ರೂನ್ ಮಾಡಿದ ನೋಡ್ ಹಳೆಯ ಬ್ಲಾಕು ಬಿಸಾಡುವುದರಿಂದ ಇತಿಹಾಸ ಎಣಿಸಲು ಬಾರದು. ಯುಪಿಎಸ್ ಕಡ್ಡಾಯ. ಸಿಂಕ್ ನಡೆಯುವಾಗ ದಿಢೀರ್ ಕರೆಂಟ್ ಹೋದರೆ ಚೈನ್‌ಸ್ಟೇಟ್ ಡೇಟಾಬೇಸ್ ಕೆಡಬಹುದು, ಆಗ ದಿನಗಟ್ಟಲೆ ಮರುನಿರ್ಮಾಣ. ಟ್ರಾನ್ಸಾಕ್ಷನ್ ಶುಲ್ಕ ಎಲ್ಲೂ ಬರೆದಿರುವುದಿಲ್ಲ. ಇನ್‌ಪುಟ್ ಮೊತ್ತದಿಂದ ಔಟ್‌ಪುಟ್ ಮೊತ್ತ ಕಳೆದರೆ ಬಂದದ್ದೇ ಶುಲ್ಕ. ಇನ್‌ಪುಟ್ ಮೊತ್ತಕ್ಕೆ ಹಳೆಯ ಟ್ರಾನ್ಸಾಕ್ಷನ್ ಹುಡುಕಿಕೊಂಡು ಹೋದರೆ ಕೆಲಸ ಮುಗಿಯುವುದಿಲ್ಲ. ‘ಗೆಟ್‌ಬ್ಲಾಕ್’ ಆದೇಶಕ್ಕೆ ವರ್ಬಾಸಿಟಿ 3 ಕೊಟ್ಟರೆ ಪ್ರತಿ ಇನ್‌ಪುಟ್‌ನ ಹಿಂದಿನ ಮೊತ್ತ ಅಲ್ಲೇ ಸಿಗುತ್ತದೆ. ಪ್ರತಿ ಬ್ಲಾಕಿನ ಮೊದಲ ಟ್ರಾನ್ಸಾಕ್ಷನ್ ಗಣಿಗಾರನ (ಬ್ಲಾಕ್ ಕಟ್ಟಿದವನ) ಬಹುಮಾನ, ಅದನ್ನು ವರ್ಗಾವಣೆಗೆ ಸೇರಿಸಬೇಡಿ.

ನೋಡ್ ಬೇಡ ಎನ್ನುವವರಿಗೆ ಗೂಗಲ್ ಬಿಗ್‌ಕ್ವೆರಿಯ ಸಾರ್ವಜನಿಕ ಕೋಷ್ಟಕಗಳಿವೆ, ತಿಂಗಳಿಗೆ 1 ಟಿಬಿಯಷ್ಟು ಓದು ಪುಕ್ಕಟೆ. ಇಥೀರಿಯಂ ಟ್ರೇಸ್ ಕೋಷ್ಟಕದ ಮೇಲೆ ‘ಸೆಲೆಕ್ಟ್ ಸ್ಟಾರ್’ ಹೊಡೆದರೆ ಆ ಪುಕ್ಕಟೆ ಪಾಲು ಒಂದೇ ಏಟಿಗೆ ಖಾಲಿ. ‘ಲಿಮಿಟ್ 10’ ಹಾಕಿದರೂ ಓದುವುದು ಇಡೀ ಕಾಲಂ. ಬೇಕಾದ ಕಾಲಂ ಹೆಸರಿಸಿ, ದಿನಾಂಕದ ಮಿತಿ ಹಾಕಿ, ಓಡಿಸುವ ಮುನ್ನ ಪರದೆಯ ಮೇಲೆ ತೋರಿಸುವ ಅಂದಾಜು ಗಾತ್ರ ನೋಡಿ.

ಲೆಕ್ಕ ಸರಿಯೋ ತಪ್ಪೋ ಎಂದು ತಾಳೆ ನೋಡುವ ಒಳ್ಳೆಯ ದಾರಿ ಒಟ್ಟು ಪೂರೈಕೆ. ಟೋಕನ್ ಹುಟ್ಟಿದಾಗ ಸಾಮಾನ್ಯವಾಗಿ ಈವೆಂಟ್‌ನಲ್ಲಿ ಕಳಿಸಿದವರ ಜಾಗದಲ್ಲಿ ಸೊನ್ನೆ ವಿಳಾಸ, ಸುಟ್ಟಾಗ ಪಡೆದವರ ಜಾಗದಲ್ಲಿ ಸಾಮಾನ್ಯವಾಗಿ ಅದೇ. ಈ ಕ್ರಮ ಪಾಲಿಸುವ ಟೋಕನ್‌ಗಳಲ್ಲಿ ಹುಟ್ಟಿದ್ದರಿಂದ ಸುಟ್ಟದ್ದನ್ನು ಕಳೆದರೆ ನೀವು ಎಣಿಸಿದ ಕೊನೆಯ ಬ್ಲಾಕಿನ ಒಟ್ಟು ಪೂರೈಕೆ ಬರಬೇಕು. ರ‍್ಯಾಪ್ಡ್ ಈಥರ್‌ನಲ್ಲಿ ಬರುವುದಿಲ್ಲ, ಏಕೆಂದರೆ ಆ ಕಾಂಟ್ರಾಕ್ಟ್ ಜಮಾ ಮಾಡಿದಾಗ ‘ಟ್ರಾನ್ಸ್‌ಫರ್’ ಬದಲು ‘ಡೆಪಾಸಿಟ್’ ಎಂಬ ಬೇರೆ ಈವೆಂಟ್ ಬರೆಯುತ್ತದೆ. ಬಿಟ್‌ಕಾಯಿನ್‌ನಲ್ಲೂ ಖರ್ಚಾಗದ ಔಟ್‌ಪುಟ್‌ಗಳನ್ನು ಕೂಡಿಸುವ ‘ಗೆಟ್‌ಟಿಎಕ್ಸ್‌ಔಟ್‌ಸೆಟ್‌ಇನ್ಫೊ’ ಆದೇಶ ಕೊಡುವ ಮೊತ್ತ ನೀವು ಕೂಡಿಸಿದ ಬಹುಮಾನಗಳಿಗಿಂತ ಸ್ವಲ್ಪ ಕಡಿಮೆ ಬರುತ್ತದೆ. ಅದರಲ್ಲಿ 50 ಬಿಟ್‌ಕಾಯಿನ್ ಮೊದಲ ಬ್ಲಾಕಿನದು, ಅದನ್ನು ಖರ್ಚು ಮಾಡಲಾಗದು. 100 ಬಿಟ್‌ಕಾಯಿನ್ 2010ರದು, ಆಗ ಎರಡು ಬಹುಮಾನ ಟ್ರಾನ್ಸಾಕ್ಷನ್‌ಗಳು ಹಳೆಯವುಗಳ ತದ್ರೂಪವಾಗಿ ಬಂದು ಅವನ್ನು ಅಳಿಸಿಹಾಕಿದವು. ಉಳಿದ ಕೊರತೆ, ಗಣಿಗಾರರು ತಮಗೆ ಬರಬೇಕಾದದ್ದಕ್ಕಿಂತ ಕಡಿಮೆ ಪಡೆದ ಬ್ಲಾಕುಗಳದ್ದು ಮತ್ತು ಎಂದೂ ಖರ್ಚಾಗದಂತೆ ಬರೆದ ಔಟ್‌ಪುಟ್‌ಗಳದ್ದು. ಇವನ್ನೂ ಕಳೆದ ಮೇಲೆ ಒಂದು ಸಾತೋಶಿ ವ್ಯತ್ಯಾಸ ಉಳಿದರೂ ತಪ್ಪು ನಿಮ್ಮ ಪ್ರೋಗ್ರಾಂನಲ್ಲಿದೆ.